ಬಿದ್ದ ಮನಸ್ಸು ಏಳುವುದು ಹೇಗೆ? ಪಾಸಿಟಿವ್ ಸೈಕಾಲಜಿ ನಿಜಕ್ಕೂ ಹೇಳುವುದೇನು

1967ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಇಬ್ಬರು ಯುವ ಸಂಶೋಧಕರು, ಮಾರ್ಟಿನ್ ಸೆಲಿಗ್ಮನ್ ಮತ್ತು ಸ್ಟೀವನ್ ಮೇಯರ್, ನಾಯಿಗಳ ಮೇಲೆ ಮಾಡಿದ ಒಂದು ಪ್ರಯೋಗವನ್ನು ಪ್ರಕಟಿಸಿದರು. ಇವತ್ತಾಗಿದ್ದರೆ ಅಂಥದ್ದಕ್ಕೆ ಅನುಮತಿ ಸಿಗುವುದೇ ಕಷ್ಟ. ನಾಯಿಗಳನ್ನು ಮೂರು ಗುಂಪು ಮಾಡಿದ್ದರು. ಮೊದಲ ಗುಂಪಿಗೆ ಕರೆಂಟ್ ಶಾಕ್ ಕೊಟ್ಟಾಗ ಪಕ್ಕದ ಫಲಕವನ್ನು ತಲೆಯಿಂದ ಒತ್ತಿದರೆ ಅದು ನಿಲ್ಲುತ್ತಿತ್ತು. ಎರಡನೇ ಗುಂಪಿಗೂ ಅಷ್ಟೇ ಶಾಕ್, ಅಷ್ಟೇ ಹೊತ್ತು. ಆದರೆ ಆ ನಾಯಿಗಳು ಏನೇ ಮಾಡಿದರೂ ಅದು ನಿಲ್ಲುತ್ತಿರಲಿಲ್ಲ. ಮೂರನೇ ಗುಂಪಿಗೆ ಶಾಕ್ ಇರಲಿಲ್ಲ. ಮರುದಿನ ಎಲ್ಲವನ್ನೂ ಬೇರೊಂದು ಪೆಟ್ಟಿಗೆಗೆ ಬಿಟ್ಟರು. ಅದರ ನಡುವೆ ಒಂದು ಗಿಡ್ಡ ತಡೆ. ಅದನ್ನು ಹಾರಿ ಆಚೆಗೆ ಹೋದರೆ ನೋವು ತಪ್ಪುತ್ತಿತ್ತು.

ಮೊದಲನೆಯ ಮತ್ತು ಮೂರನೆಯ ಗುಂಪಿನ ನಾಯಿಗಳು ಬೇಗನೆ ಹಾರುವುದನ್ನು ಕಲಿತವು. ಎರಡನೇ ಗುಂಪಿನಲ್ಲಿ ಹೆಚ್ಚಿನವು ಹಾರಲಿಲ್ಲ. ಸುಮ್ಮನೆ ಮುದುಡಿ ಮಲಗಿ, ಕುಂಯ್‌ಗುಡುತ್ತಾ ಸಹಿಸಿಕೊಂಡವು. ಎರಡೂ ಗುಂಪುಗಳು ಅನುಭವಿಸಿದ ನೋವು ಒಂದೇ. ಮೊದಲ ಗುಂಪಿಗೆ ಅದನ್ನು ನಿಲ್ಲಿಸುವ ದಾರಿ ಕೈಯಲ್ಲಿತ್ತು, ಎರಡನೆಯದಕ್ಕೆ ಇರಲಿಲ್ಲ ಎನ್ನುವುದೊಂದೇ ವ್ಯತ್ಯಾಸ. ‘ಏನು ಮಾಡಿದರೂ ಅಷ್ಟೇ’ ಎಂಬ ಪಾಠವನ್ನು ಈ ನಾಯಿಗಳು ಕಲಿತುಬಿಟ್ಟಿವೆ ಎಂದು ಸಂಶೋಧಕರು ಅರ್ಥ ಮಾಡಿಕೊಂಡರು. ‘ಕಲಿತ ಅಸಹಾಯಕತೆ’ ಎಂಬ ಹೆಸರು ಬಿತ್ತು. ಮನುಷ್ಯರ ಖಿನ್ನತೆಯನ್ನು ಅರ್ಥ ಮಾಡಿಕೊಳ್ಳಲು ಹಲವು ದಶಕ ಇದೇ ಚೌಕಟ್ಟು ಬಳಕೆಯಲ್ಲಿತ್ತು.

ಇಲ್ಲಿಯವರೆಗಿನ ಕಥೆ ಸೈಕಾಲಜಿ ಓದಿದ ಎಲ್ಲರಿಗೂ ಗೊತ್ತು. ಇದರ ಎರಡನೇ ಭಾಗ ಅಷ್ಟಾಗಿ ಪ್ರಚಾರಕ್ಕೆ ಬರಲಿಲ್ಲ. ನನ್ನ ಲೆಕ್ಕದಲ್ಲಿ ಅದೇ ಹೆಚ್ಚು ಮುಖ್ಯ. ಮೇಯರ್ ಆಮೇಲೆ ಮಿದುಳಿನ ಅಧ್ಯಯನದ ಕಡೆಗೆ ತಿರುಗಿ, ಇಲಿಗಳ ಮಿದುಳಿನಲ್ಲಿ ಇದೆಲ್ಲ ಹೇಗೆ ನಡೆಯುತ್ತದೆ ಎಂದು ವರ್ಷಗಟ್ಟಲೆ ಹುಡುಕಿದರು. 2016ರಲ್ಲಿ ಇಬ್ಬರೂ ಸೇರಿ ಬರೆದ ಲೇಖನದಲ್ಲಿ ತಮ್ಮದೇ ಸಿದ್ಧಾಂತವನ್ನು ತಲೆಕೆಳಗು ಮಾಡಿದರು. ಅಸಹಾಯಕತೆಯನ್ನು ಯಾರೂ ಕಲಿಯಬೇಕಾಗಿಲ್ಲ, ಅದು ಹುಟ್ಟಿನಿಂದಲೇ ಇರುವ ಪ್ರತಿಕ್ರಿಯೆ ಎಂದರು. ನೋವು ಬಹಳ ಹೊತ್ತು ಮುಂದುವರಿದರೆ ಮಿದುಳಿನ ಬುಡದಲ್ಲಿರುವ ಒಂದು ನರಕೋಶಗಳ ಗುಂಪು ತಾನಾಗಿಯೇ ಚುರುಕಾಗಿ ದೇಹವನ್ನು ನಿಷ್ಕ್ರಿಯಗೊಳಿಸುತ್ತದೆ. ಪ್ರಾಣಿ ಕಲಿಯುವುದು ಅದಕ್ಕೆ ವಿರುದ್ಧವಾದದ್ದನ್ನು: ನಾನು ಮಾಡುವ ಕೆಲಸದಿಂದ ಪರಿಸ್ಥಿತಿ ಬದಲಾಗುತ್ತದೆ ಎಂಬುದನ್ನು. ಮಿದುಳಿನ ಮುಂಭಾಗ ಅದನ್ನು ಗುರುತಿಸಿದಾಗ ಬುಡದ ಆ ಗುಂಪಿಗೆ ‘ಸಾಕು, ಸುಮ್ಮನಿರು’ ಎಂಬ ಸಂಕೇತ ಹೋಗುತ್ತದೆ. ಇನ್ನೂ ಒಂದು ವಿಷಯವಿದೆ. ಒಮ್ಮೆ ಈ ಅನುಭವ ಸಿಕ್ಕ ಪ್ರಾಣಿ, ಮುಂದೆ ನಿಜಕ್ಕೂ ತನ್ನ ಕೈಯಲ್ಲಿಲ್ಲದ ಕಷ್ಟ ಬಂದಾಗಲೂ ಮಿಕ್ಕವುಗಳಷ್ಟು ಕುಸಿಯುವುದಿಲ್ಲ.

ಕಷ್ಟದಲ್ಲಿ ಕೈಚೆಲ್ಲಿ ಕೂರುವವರನ್ನು ‘ಇವರಿಗೆ ಮನೋಬಲವಿಲ್ಲ’ ಎಂದು ಜರಿಯುವ ಅಭ್ಯಾಸ ನಮ್ಮಲ್ಲಿ ಹಲವರಿಗಿದೆ. ಈ ಸಂಶೋಧನೆಯ ಪ್ರಕಾರ ಕೈಚೆಲ್ಲುವುದು ದೇಹದ ಸಹಜ ನಡವಳಿಕೆ. ಚೇತರಿಸಿಕೊಳ್ಳುವ ಶಕ್ತಿ ಮಾತ್ರ ಕಲಿಕೆಯಿಂದ ಬರುವಂಥದ್ದು. ಅದನ್ನು ಉಪದೇಶ ಕೇಳಿ ಕಲಿಯಲು ಆಗುವುದಿಲ್ಲ. ಮಾಡಿದ ಕೆಲಸಕ್ಕೆ ಫಲ ಸಿಕ್ಕಿದ್ದನ್ನು ಕಂಡು ಕಲಿಯಬೇಕು.

ಹಾಗಾದರೆ ಪಾಸಿಟಿವ್ ಥಿಂಕಿಂಗ್?

ಇದೇ ಸೆಲಿಗ್ಮನ್ 1998ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘದ ಅಧ್ಯಕ್ಷರಾಗಿದ್ದಾಗ ತಮ್ಮ ಶಾಸ್ತ್ರದ ಬಗ್ಗೆಯೇ ಒಂದು ತಕರಾರು ಎತ್ತಿದರು. ಎರಡನೇ ಮಹಾಯುದ್ಧದ ನಂತರ ಮನಶ್ಶಾಸ್ತ್ರ ಹೆಚ್ಚುಕಡಿಮೆ ಪೂರ್ತಿ ಕಾಯಿಲೆಗಳ ಶಾಸ್ತ್ರವಾಗಿಬಿಟ್ಟಿದೆ. ಖಿನ್ನತೆ, ಆತಂಕ, ಗೀಳು ಇವುಗಳ ಬಗ್ಗೆ ರಾಶಿ ರಾಶಿ ಸಂಶೋಧನೆಯಿದೆ, ಬದುಕು ಚೆನ್ನಾಗಿ ನಡೆಯುವಾಗ ಅದು ಏಕೆ ಚೆನ್ನಾಗಿ ನಡೆಯುತ್ತದೆ ಎಂದು ಕೇಳಿದವರು ಕಡಿಮೆ ಎಂಬುದು ಅವರ ವಾದ. ಕೆಲಸದಲ್ಲಿ ಮೈಮರೆಯುವ ಸ್ಥಿತಿಯ ಬಗ್ಗೆ ಅಧ್ಯಯನ ಮಾಡಿದ್ದ ಮಿಹಾಯಿ ಚಿಕ್‌ಸೆಂಟ್‌ಮಿಹಾಯಿ ಜೊತೆಗೂಡಿದರು. 2000ದಲ್ಲಿ ಇಬ್ಬರೂ, ಚೆನ್ನಾಗಿ ನಡೆಯುವ ಬದುಕನ್ನು ಅಧ್ಯಯನ ಮಾಡುವ ಹೊಸ ಶಾಖೆಯೊಂದನ್ನು ಪರಿಚಯಿಸುವ ಲೇಖನ ಬರೆದರು. ಪಾಸಿಟಿವ್ ಸೈಕಾಲಜಿ ಎಂಬ ಹೆಸರು ಹಬ್ಬಿದ್ದು ಹೀಗೆ.

ಹೆಸರು ಹಬ್ಬುವಾಗ ಒಂದು ಗೊಂದಲವೂ ಅಂಟಿಕೊಂಡಿತು. ‘ಯಾವಾಗಲೂ ಒಳ್ಳೆಯದನ್ನೇ ಯೋಚಿಸಿ, ಎಲ್ಲ ಒಳ್ಳೆಯದಾಗುತ್ತದೆ’ ಎಂಬ ಪಾಸಿಟಿವ್ ಥಿಂಕಿಂಗ್ ಮಾತು ಇದಕ್ಕಿಂತ ಎಷ್ಟೋ ಹಳೆಯದು, ಮತ್ತು ಸಂಶೋಧನೆ ಅದನ್ನು ಬಹುಪಾಲು ಬೆಂಬಲಿಸುವುದಿಲ್ಲ. ಕೆನಡಾದ ಜೋಆನ್ ವುಡ್ ಮತ್ತು ಸಂಗಡಿಗರು 2009ರಲ್ಲಿ ಇದನ್ನೇ ಪರೀಕ್ಷೆಗೆ ಒಡ್ಡಿದರು. ‘ನಾನು ಪ್ರೀತಿಗೆ ಅರ್ಹಳು, ಅರ್ಹ’ ಎಂದು ಮತ್ತೆ ಮತ್ತೆ ಹೇಳಿಕೊಂಡಾಗ, ಮೊದಲೇ ತಮ್ಮ ಬಗ್ಗೆ ಕೀಳರಿಮೆ ಇದ್ದವರ ಮನಸ್ಸು ಇನ್ನಷ್ಟು ಕುಗ್ಗಿತು. ಯಾರಿಗೆ ಈ ಮಂತ್ರ ಬೇಕಾಗಿತ್ತೋ ಅವರಿಗೇ ಅದು ತಿರುಗುಬಾಣವಾಯಿತು. ಕಾರಣ ಊಹಿಸುವುದು ಕಷ್ಟವಲ್ಲ. ನಂಬಲಾಗದ ಮಾತನ್ನು ಬಾಯಿ ಹೇಳುತ್ತಿದ್ದರೆ ಒಳಗಿನಿಂದ ಇನ್ನೊಂದು ದನಿ ಅದಕ್ಕೆ ಒಂದೊಂದಾಗಿ ಸಾಕ್ಷಿ ಸಮೇತ ಎದುರುತ್ತರ ಕೊಡುತ್ತಿರುತ್ತದೆ.

ಜರ್ಮನ್ ಮನಶ್ಶಾಸ್ತ್ರಜ್ಞೆ ಗೇಬ್ರಿಯೆಲ್ ಎಟಿಂಗೆನ್ ಕಂಡದ್ದು ಇನ್ನೂ ವಿಚಿತ್ರ. ತೂಕ ಇಳಿಸುವ ಕಾರ್ಯಕ್ರಮಕ್ಕೆ ಸೇರಿದ ಮಹಿಳೆಯರಲ್ಲಿ, ತೆಳ್ಳಗಾದ ಮೇಲಿನ ತಮ್ಮ ಬದುಕನ್ನು ಬಣ್ಣಬಣ್ಣವಾಗಿ ಕನಸು ಕಂಡವರೇ ಕಡಿಮೆ ತೂಕ ಇಳಿಸಿದರು. ಕನಸಿನಲ್ಲೇ ಗುರಿ ಮುಟ್ಟಿದ ತೃಪ್ತಿ ಸಿಕ್ಕಿಬಿಟ್ಟರೆ ನಡೆಯಲು ಬೇಕಾದ ಹುರುಪು ಸೋರಿಹೋಗುತ್ತದೆ ಎಂಬುದು ಅವರ ವಿವರಣೆ. ಇದಕ್ಕೆ ಅವರು ಸೂಚಿಸುವ ಮದ್ದು ಸರಳ. ಬೇಕಾದ್ದನ್ನು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಿ, ಅದರ ಬೆನ್ನಿಗೇ ದಾರಿಗೆ ಅಡ್ಡ ಬರುವುದು ಏನು ಎಂಬುದನ್ನೂ ಕಣ್ಣಮುಂದೆ ತಂದುಕೊಳ್ಳಿ. ಹೆಚ್ಚಿನ ಸಲ ಅಡ್ಡ ಬರುವುದು ನಮ್ಮದೇ ಒಂದು ಅಭ್ಯಾಸ.

ಸಂತೋಷವನ್ನು ಬೆನ್ನಟ್ಟಿದರೂ ಇದೇ ಗತಿ. ಐರಿಸ್ ಮಾಸ್ ಮತ್ತು ಸಂಗಡಿಗರ 2011ರ ಒಂದು ಅಧ್ಯಯನದಲ್ಲಿ ಕೆಲವರಿಗೆ ಸಂತೋಷ ಎಷ್ಟು ಮುಖ್ಯ ಎಂದು ಹೊಗಳುವ ಪತ್ರಿಕಾ ಬರಹವೊಂದನ್ನು ಓದಲು ಕೊಟ್ಟು, ನಂತರ ಒಂದು ಖುಷಿಯ ವಿಡಿಯೊ ತುಣುಕು ತೋರಿಸಿದರು. ಆ ಬರಹ ಓದದವರಿಗಿಂತ ಓದಿದವರಿಗೆ ಆ ತುಣುಕಿನಿಂದ ಸಿಕ್ಕ ಖುಷಿ ಕಡಿಮೆ. ‘ಈಗ ನನಗೆ ಸಾಕಷ್ಟು ಖುಷಿಯಾಗುತ್ತಿದೆಯೇ?’ ಎಂದು ಅಳೆಯುತ್ತಾ ಕೂತರೆ ಇರುವ ಖುಷಿಯೂ ಕೈಜಾರುತ್ತದೆ. ಸಂತೋಷದ ಬಗ್ಗೆ ಲೇಖನ ಬರೆಯುವವರಿಗೆ ಇದು ಸ್ವಲ್ಪ ಮುಜುಗರದ ಸಂಗತಿಯೇ ಸರಿ.

ಹವಾಯಿಯ ಮಕ್ಕಳು

ಕಷ್ಟದಲ್ಲಿ ಬೆಳೆದರೂ ಬದುಕು ಕಟ್ಟಿಕೊಂಡವರ ಬಗ್ಗೆ ನಮಗಿರುವ ಅತ್ಯುತ್ತಮ ದಾಖಲೆಗಳಲ್ಲೊಂದು ಹವಾಯಿಯ ಕವಾಯ್ ದ್ವೀಪದ್ದು. ಎಮ್ಮಿ ವರ್ನರ್ ಮತ್ತು ರೂತ್ ಸ್ಮಿತ್ ಅಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ನಲವತ್ತನೆಯ ವಯಸ್ಸಿನವರೆಗೂ ಹಿಂಬಾಲಿಸಿದರು. ಇವರಲ್ಲಿ ಸುಮಾರು ಮೂರನೇ ಒಂದು ಭಾಗದ ಮಕ್ಕಳು ಹುಟ್ಟಿದಾಗಲೇ ಹಲವು ಹೊರೆ ಹೊತ್ತಿದ್ದರು: ಕಡುಬಡತನ, ಹೆರಿಗೆಯ ತೊಡಕು, ಕುಡುಕ ಅಥವಾ ಮಾನಸಿಕ ಕಾಯಿಲೆಯ ಪೋಷಕರು, ಸದಾ ಜಗಳದ ಮನೆ. ಆ ಗುಂಪಿನಲ್ಲಿ ಮೂರರಲ್ಲಿ ಇಬ್ಬರಿಗೆ ಓದಿನಲ್ಲಿ, ನಡವಳಿಕೆಯಲ್ಲಿ, ಮನಸ್ಸಿನ ಆರೋಗ್ಯದಲ್ಲಿ ತೊಂದರೆ ಕಾಣಿಸಿತು. ಅದು ನಿರೀಕ್ಷಿತ. ಉಳಿದ ಮೂರನೇ ಒಂದು ಪಾಲು ಸಮರ್ಥ, ಆತ್ಮವಿಶ್ವಾಸವುಳ್ಳ, ಇತರರ ಬಗ್ಗೆ ಕಾಳಜಿಯಿರುವ ವ್ಯಕ್ತಿಗಳಾಗಿ ಬೆಳೆದರು.

ಅವರಲ್ಲಿ ಏನಿತ್ತು? ಹುಟ್ಟಿನಿಂದ ಬಂದ ಸೌಮ್ಯ, ಸ್ನೇಹಪರ ಸ್ವಭಾವಕ್ಕೂ ಒಂದು ಪಾತ್ರವಿತ್ತು, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಮತ್ತೆ ಮತ್ತೆ ಕಂಡದ್ದು ಎರಡು ತೀರಾ ಸಾಮಾನ್ಯ ಸಂಗತಿ. ಒಂದು, ಆ ಮಗುವನ್ನು ಬಿಟ್ಟುಕೊಡದ ಯಾರಾದರೂ ಒಬ್ಬ ದೊಡ್ಡವರು: ಅಜ್ಜಿ, ಚಿಕ್ಕಮ್ಮ, ಟೀಚರ್, ಪಕ್ಕದ ಮನೆಯವರು. ತಂದೆತಾಯಿಯೇ ಆಗಬೇಕೆಂದಿರಲಿಲ್ಲ. ಇನ್ನೊಂದು, ಆ ಮಕ್ಕಳ ಮೇಲೆ ನಿಜವಾದ ಒಂದು ಹೊಣೆ ಇತ್ತು. ತಮ್ಮನನ್ನು ನೋಡಿಕೊಳ್ಳುವುದೋ, ಮನೆಗೆಲಸವೋ, ತಾನು ಮಾಡದಿದ್ದರೆ ನಡೆಯದು ಎಂಬಂಥ ಏನೋ ಒಂದು. ನಾಯಿಗಳ ಫಲಕವನ್ನು ನೆನಪಿಸಿಕೊಳ್ಳಿ. ಬಡತನವನ್ನಾಗಲಿ ಅಪ್ಪನ ಕುಡಿತವನ್ನಾಗಲಿ ಆ ಮಗು ನಿಲ್ಲಿಸಲಾರದು. ತಮ್ಮನಿಗೆ ಹೊತ್ತಿಗೆ ಊಟ ಮಾಡಿಸಬಲ್ಲದು. ಬದುಕಿನ ಒಂದು ಮೂಲೆಯಲ್ಲಾದರೂ ಅದರ ಮಾತು ನಡೆಯುತ್ತಿತ್ತು.

ಈ ಅಧ್ಯಯನದ ಇನ್ನೊಂದು ಫಲಿತಾಂಶ ನನಗೆ ಬಹಳ ಇಷ್ಟ. ಹದಿಹರೆಯದಲ್ಲಿ ದಾರಿ ತಪ್ಪಿದ್ದ ಹುಡುಗ ಹುಡುಗಿಯರಲ್ಲೂ ಹೆಚ್ಚಿನವರು ಮೂವತ್ತು, ನಲವತ್ತರ ಹೊತ್ತಿಗೆ ಸರಿಹೋಗಿದ್ದರು. ಅವರನ್ನು ತಿರುಗಿಸಿದ್ದು ದೊಡ್ಡ ದೊಡ್ಡ ಚಿಕಿತ್ಸೆಗಳೇನಲ್ಲ. ಮತ್ತೆ ಓದಲು ಸಿಕ್ಕ ಅವಕಾಶ, ಶಿಸ್ತಿನ ಉದ್ಯೋಗ, ಒಳ್ಳೆಯ ಸಂಗಾತಿ, ತಮ್ಮವರು ಅನ್ನಿಸಿದ ಒಂದು ಸಮುದಾಯ. ಬಾಲ್ಯದಲ್ಲೇ ಎಲ್ಲ ತೀರ್ಮಾನವಾಗಿಬಿಡುತ್ತದೆ ಎಂದು ನಂಬಿ ಕೊರಗುವವರು ಇದನ್ನು ಓದಬೇಕು.

ಮಕ್ಕಳ ಚೇತರಿಕೆಯ ಬಗ್ಗೆ ದಶಕಗಟ್ಟಲೆ ಕೆಲಸ ಮಾಡಿದ ಆನ್ ಮಾಸ್ಟನ್ 2001ರಲ್ಲಿ ಬರೆದದ್ದರ ತಿರುಳೂ ಇದೇ. ಚೇತರಿಕೆಯಲ್ಲಿ ಆಶ್ಚರ್ಯಪಡಬೇಕಾದದ್ದು ಅದು ಎಷ್ಟು ಮಾಮೂಲಿ ಎಂಬುದು. ಅದು ವೀರರಿಗೆ ಮಾತ್ರ ಸಿಗುವ ವರವಲ್ಲ. ನಂಟು, ನಿದ್ದೆ, ಕಲಿಕೆ, ಸ್ವಂತ ಕೈಯಿಂದ ಏನಾದರೂ ಆಗುತ್ತದೆಂಬ ಅನುಭವ ಇವು ಕೆಟ್ಟುಹೋಗದೆ ನಡೆಯುತ್ತಿದ್ದರೆ ಮನುಷ್ಯ ತಾನಾಗಿ ಎದ್ದು ನಿಲ್ಲುತ್ತಾನೆ.

ದೊಡ್ಡವರ ದುಃಖದಲ್ಲೂ ಹೀಗೆಯೇ. ಕೊಲಂಬಿಯಾ ವಿಶ್ವವಿದ್ಯಾಲಯದ ಜಾರ್ಜ್ ಬೊನಾನೊ ಆಪ್ತರನ್ನು ಕಳೆದುಕೊಂಡವರನ್ನು ಅಧ್ಯಯನ ಮಾಡಿದಾಗ, ಬಹಳ ಜನ ನೋವಿನ ನಡುವೆಯೂ ದಿನದ ಕೆಲಸಗಳನ್ನು ನಡೆಸಿಕೊಂಡು ಹೋಗುವುದು ಕಂಡಿತು. ಅತ್ತು ಅತ್ತು ದುಃಖವನ್ನು ಹೊರಹಾಕದಿದ್ದರೆ ಅದು ಒಳಗೆ ಕೊಳೆಯುತ್ತದೆ ಎಂಬ ಹಳೆಯ ನಂಬಿಕೆಗೆ ಅವರಿಗೆ ಪುರಾವೆ ಸಿಗಲಿಲ್ಲ. ಅವರು ಡಾಕರ್ ಕೆಲ್ಟ್‌ನರ್ ಜೊತೆ 1997ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಸಂಗಾತಿ ತೀರಿಕೊಂಡು ಕೆಲವು ತಿಂಗಳಾದವರ ಮಾತನ್ನು ವಿಡಿಯೊ ಮಾಡಿ ಮುಖಭಾವ ಗಮನಿಸಿದರು. ತೀರಿಕೊಂಡವರ ಬಗ್ಗೆ ಮಾತಾಡುವಾಗ ಕಣ್ಣಂಚಿನವರೆಗೂ ಹರಡುವ ನಿಜವಾದ ನಗು ಬಂದವರು ಮುಂದಿನ ದಿನಗಳಲ್ಲಿ ಹೆಚ್ಚು ಚೇತರಿಸಿಕೊಂಡಿದ್ದರು. ಆದ್ದರಿಂದ ಸಾವಿನ ಮನೆಯಲ್ಲಿ ಯಾರಾದರೂ ಹಳೆಯ ತಮಾಷೆ ನೆನಪಿಸಿಕೊಂಡು ನಕ್ಕರೆ ‘ಇವರಿಗೆ ದುಃಖವೇ ಇಲ್ಲವಲ್ಲ’ ಎಂದು ಪಿಸುಗುಡುವ ಮೊದಲು ಸ್ವಲ್ಪ ಯೋಚಿಸಬೇಕು. ಅಳುವವರನ್ನು ‘ಅಳಬೇಡ’ ಎನ್ನುವುದೂ ಅಷ್ಟೇ ತಪ್ಪು. ಎಲ್ಲರಿಗೂ ಒಂದೇ ದಾರಿ ಎಂಬುದಿಲ್ಲ ಎನ್ನುವುದೇ ಬೊನಾನೊ ಅವರ ಮಾತು.

ಒಗ್ಗಿಹೋಗುವ ಮನಸ್ಸು

ಸಂತೋಷದ ಬಗ್ಗೆ ಮಾತಾಡುವಾಗ ಮನುಷ್ಯನ ಒಂದು ಗುಣವನ್ನು ಮರೆಯಬಾರದು: ಎಲ್ಲಕ್ಕೂ ಒಗ್ಗಿಹೋಗುವುದು. ಹೊಸ ಮನೆ, ಸಂಬಳ ಏರಿಕೆ, ಮದುವೆ ಎಲ್ಲವೂ ಕೆಲವು ಕಾಲ ಉಬ್ಬಿಸಿ ಆಮೇಲೆ ಮಾಮೂಲಾಗುತ್ತವೆ. ಜರ್ಮನಿಯಲ್ಲಿ ಒಂದೇ ಜನರನ್ನು ವರ್ಷ ವರ್ಷವೂ ಪ್ರಶ್ನಿಸುವ ದೊಡ್ಡ ಸಮೀಕ್ಷೆಯಿದೆ. ಅದರ ಅಂಕಿ ಅಂಶ ಬಳಸಿ ರಿಚರ್ಡ್ ಲೂಕಸ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮದುವೆಯ ಆಸುಪಾಸಿನಲ್ಲಿ ಏರಿದ ತೃಪ್ತಿ ಒಂದೆರಡು ವರ್ಷಗಳಲ್ಲಿ ಸರಾಸರಿಯಾಗಿ ಹಳೆಯ ಮಟ್ಟಕ್ಕೆ ಇಳಿದಿತ್ತು. ಸಂಗಾತಿಯ ಸಾವಿನ ನಂತರ ಹಳೆಯ ಮಟ್ಟದ ಹತ್ತಿರಕ್ಕೆ ಬರಲು ಹಲವು ವರ್ಷ ಹಿಡಿದವು.

ಎಲ್ಲಕ್ಕೂ ಒಗ್ಗುತ್ತೇವೆ ಎಂದರೂ ಪೂರ್ತಿ ನಿಜವಲ್ಲ. ಅದೇ ತಂಡ ಮರುವರ್ಷ ನಿರುದ್ಯೋಗವನ್ನು ನೋಡಿತು. ಕೆಲಸ ಕಳೆದುಕೊಂಡವರ ತೃಪ್ತಿ, ಮತ್ತೆ ಕೆಲಸ ಸಿಕ್ಕ ಮೇಲೂ, ಸರಾಸರಿಯಾಗಿ ಮೊದಲಿನ ಮಟ್ಟಕ್ಕೆ ಪೂರ್ತಿ ಮರಳಲಿಲ್ಲ. ಸಂತೋಷವೆಲ್ಲ ಮನಸ್ಸಿನೊಳಗೇ ಇದೆ, ಹೊರಗಿನ ಪರಿಸ್ಥಿತಿ ಲೆಕ್ಕಕ್ಕಿಲ್ಲ ಎಂದು ವೇದಿಕೆ ಮೇಲೆ ಹೇಳುವವರಿಗೆ ಇದನ್ನು ತೋರಿಸಬೇಕು.

ಒಗ್ಗಿಹೋಗುವ ವೇಗವನ್ನು ಸ್ವಲ್ಪ ತಗ್ಗಿಸಬಹುದು. ಈ ಶಾಖೆಯ ಅತಿ ಪ್ರಸಿದ್ಧ ಅಭ್ಯಾಸದ ಉದ್ದೇಶ ಅದೇ. 2005ರಲ್ಲಿ ಸೆಲಿಗ್ಮನ್ ತಂಡ ಇಂಟರ್‌ನೆಟ್ ಮೂಲಕ ನಡೆಸಿದ ಪ್ರಯೋಗದಲ್ಲಿ ಜನರಿಗೆ ಒಂದು ವಾರ ಪ್ರತಿ ರಾತ್ರಿ ಅಂದು ಚೆನ್ನಾಗಿ ನಡೆದ ಮೂರು ಸಂಗತಿಗಳನ್ನೂ, ಪ್ರತಿಯೊಂದೂ ಏಕೆ ಹಾಗಾಯಿತು ಎಂಬುದನ್ನೂ ಬರೆಯಲು ಹೇಳಿದರು. ಆರು ತಿಂಗಳ ನಂತರವೂ ಅವರಲ್ಲಿ ಖಿನ್ನತೆಯ ಲಕ್ಷಣ ಕಡಿಮೆಯಿತ್ತು. ಗಮನಿಸಬೇಕಾದ ಸಂಗತಿಯೆಂದರೆ, ವಾರದ ನಂತರವೂ ತಾವಾಗಿ ಮುಂದುವರಿಸಿದವರಿಗೆ ಹೆಚ್ಚು ಲಾಭವಾಗಿತ್ತು.

ಹೇಳಿಕೊಡುವವರು ಹೆಚ್ಚಿನ ಸಲ ಆ ‘ಏಕೆ’ಯನ್ನು ಬಿಟ್ಟುಬಿಡುತ್ತಾರೆ. ಆಗ ಅದು ಒಂದು ಒಣ ಪಟ್ಟಿಯಾಗುತ್ತದೆ: ಆರೋಗ್ಯ, ಕುಟುಂಬ, ಉದ್ಯೋಗ. ಮೂರನೇ ದಿನಕ್ಕೆ ಬೇಜಾರು. ಕೆಲಸ ಮಾಡುವ ಪುಟ ಹೀಗಿರುತ್ತದೆ: ‘ಮಧ್ಯಾಹ್ನದ ಮೀಟಿಂಗ್‌ನಲ್ಲಿ ನನ್ನ ಲೆಕ್ಕ ತಪ್ಪು ಎಂದಾಗ ನಾನು ರೇಗಲಿಲ್ಲ. ಏಕೆ? ಹಿಂದಿನ ರಾತ್ರಿ ನಿದ್ದೆ ಆಗಿತ್ತು, ಜೊತೆಗೆ ಕಾಗದವನ್ನು ಇನ್ನೊಮ್ಮೆ ನೋಡುತ್ತೇನೆ ಅಂತ ಹೇಳಿ ಎರಡು ನಿಮಿಷ ತೆಗೆದುಕೊಂಡೆ.’ ಈ ನಾಲ್ಕು ಸಾಲಿನಲ್ಲಿ ಮುಂದೆ ಬಳಸಿಕೊಳ್ಳಬಹುದಾದ ಎರಡು ಸಂಗತಿಗಳಿವೆ. ಒಳ್ಳೆಯದು ಆಕಾಶದಿಂದ ಬಿದ್ದದ್ದಲ್ಲ, ಅದರಲ್ಲಿ ನನ್ನ ಕೈವಾಡವೂ ಇತ್ತು ಎಂದು ಕಾಣಿಸುವುದು ಆ ‘ಏಕೆ’ಯಿಂದಲೇ. ದಿನವೂ ಬರೆಯಬೇಕೆಂಬ ಹಟವೂ ಬೇಡ. ಸೋನ್ಯಾ ಲ್ಯುಬೊಮಿರ್ಸ್ಕಿ ಅವರ ಒಂದು ಪ್ರಯೋಗದಲ್ಲಿ ವಾರಕ್ಕೆ ಮೂರು ಸಲ ಕೃತಜ್ಞತೆಯ ಪಟ್ಟಿ ಬರೆದವರಿಗಿಂತ ಒಂದೇ ಸಲ ಬರೆದವರಿಗೆ ಹೆಚ್ಚು ಪ್ರಯೋಜನವಾಯಿತು. ಕೃತಜ್ಞತೆಗೂ ಮನಸ್ಸು ಒಗ್ಗಿಹೋಗುತ್ತದೆ ನೋಡಿ.

ಒಳ್ಳೆಯ ಸುದ್ದಿ ಬಂದಾಗ

ಕಷ್ಟಕ್ಕೆ ಆಗುವವರೇ ನಿಜವಾದ ನಂಟರು ಎನ್ನುವ ಮಾತಿದೆ. ಶೆಲ್ಲಿ ಗೇಬಲ್ ಅವರ ಸಂಶೋಧನೆ ಇದರ ಇನ್ನೊಂದು ಮಗ್ಗುಲನ್ನು ತೋರಿಸಿತು. ನಮ್ಮ ಒಳ್ಳೆಯ ಸುದ್ದಿಗೆ ಹತ್ತಿರದವರು ಹೇಗೆ ಸ್ಪಂದಿಸುತ್ತಾರೆ ಎಂಬುದು ಸಂಬಂಧದ ಗಟ್ಟಿತನದ ಬಗ್ಗೆ ಬಹಳಷ್ಟು ಹೇಳುತ್ತದೆ.

ತಂಗಿಯೊಬ್ಬಳು ಫೋನ್ ಮಾಡಿ, ‘ಅಕ್ಕಾ, ನನ್ನನ್ನ ಟೀಮ್ ಲೀಡರ್ ಮಾಡಿದ್ರು ಕಣೇ!’ ಅನ್ನುತ್ತಾಳೆ ಎಂದುಕೊಳ್ಳಿ. ಅಕ್ಕ ನಾಲ್ಕು ರೀತಿ ಉತ್ತರಿಸಬಹುದು. ‘ಓ, ಒಳ್ಳೇದಾಯ್ತು ಬಿಡು’ ಎಂದು ಮುಗಿಸಬಹುದು. ‘ಅಯ್ಯೋ, ಇನ್ಮೇಲೆ ರಾತ್ರಿ ಹತ್ತಾದ್ರೂ ಮನೆಗೆ ಬರಲ್ಲ ನೀನು, ಸಂಬಳ ಏನಾದ್ರೂ ಜಾಸ್ತಿ ಮಾಡ್ತಾರಾ?’ ಎಂದು ತಣ್ಣೀರೆರಚಬಹುದು. ‘ಹೌದಾ, ಅದಿರ್ಲಿ, ಅಮ್ಮನ ರಿಪೋರ್ಟ್ ಬಂತಾ?’ ಎಂದು ಮಾತು ತಿರುಗಿಸಬಹುದು. ಇಲ್ಲವೇ, ‘ಏನ್ ಹೇಳ್ತಿದ್ದೀಯೇ! ಯಾರು ಹೇಳಿದ್ರು, ಹೇಗೆ ಹೇಳಿದ್ರು? ನಿನ್ ಮುಖ ಹೇಗಿತ್ತು ಆಗ?’ ಎನ್ನಬಹುದು. ಗೇಬಲ್ ಅಧ್ಯಯನಗಳಲ್ಲಿ ಗಟ್ಟಿಯಾದ, ಆಪ್ತ ಸಂಬಂಧಗಳ ಜೊತೆ ಹೊಂದಿಕೊಂಡು ಬಂದದ್ದು ಈ ಕೊನೆಯ ಬಗೆ ಮಾತ್ರ. ಮೊದಲನೆಯದೂ ಕೆಟ್ಟ ಮಾತೇನಲ್ಲ, ಆದರೆ ಅದರಿಂದ ಏನೂ ಹುಟ್ಟುವುದಿಲ್ಲ. ಎರಡನೆಯದನ್ನು ನಾವು ಕಾಳಜಿ ಎಂದುಕೊಂಡೇ ಆಡುತ್ತೇವೆ. ಮನೆಮನೆಗಳಲ್ಲಿ ಅತಿ ಹೆಚ್ಚು ಕೇಳಿಬರುವುದು ಅದೇ ಇರಬೇಕು ಎಂಬುದು ನನ್ನ ಗುಮಾನಿ. ‘ಹೇಗೆ ಹೇಳಿದ್ರು’ ಎಂದು ಕೇಳಿದಾಗ ತಂಗಿ ಆ ಗಳಿಗೆಯನ್ನು ಮತ್ತೊಮ್ಮೆ ಅನುಭವಿಸುತ್ತಾಳೆ. ಎರಡು ನಿಮಿಷದ ಕೆಲಸ, ಖರ್ಚೇನೂ ಇಲ್ಲ. ನನ್ನನ್ನು ಕೇಳಿದರೆ, ಪಾಸಿಟಿವ್ ಸೈಕಾಲಜಿಯ ಎಲ್ಲ ಅಭ್ಯಾಸಗಳಲ್ಲಿ ಒಂದನ್ನೇ ಆರಿಸಿಕೊಳ್ಳಬೇಕಾದರೆ ಇದನ್ನೇ ಆರಿಸಿಕೊಳ್ಳಿ ಎನ್ನುತ್ತೇನೆ.

ನಂಟಿನ ಮಹತ್ವ ಮನಸ್ಸಿಗಷ್ಟೇ ಸೀಮಿತವಲ್ಲ. ಜೂಲಿಯಾನ್ ಹೋಲ್ಟ್-ಲನ್‌ಸ್ಟಾಡ್ ಮತ್ತು ಸಂಗಡಿಗರು 2010ರಲ್ಲಿ 148 ಅಧ್ಯಯನಗಳನ್ನು, ಮೂರು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದಾಗ, ಗಟ್ಟಿ ಸಾಮಾಜಿಕ ಸಂಬಂಧಗಳಿದ್ದವರು ಅಧ್ಯಯನದ ಅವಧಿಯಲ್ಲಿ ಬದುಕುಳಿಯುವ ಸಾಧ್ಯತೆ ಸುಮಾರು ಶೇ 50ರಷ್ಟು ಹೆಚ್ಚಿತ್ತು. ಅಪರಿಚಿತರೊಡನೆ ಆಡುವ ಮಾತಿಗೂ ಬೆಲೆಯಿದೆ. ನಿಕೊಲಸ್ ಎಪ್ಲಿ ಮತ್ತು ಜೂಲಿಯಾನಾ ಶ್ರೋಡರ್ ಷಿಕಾಗೊದ ರೈಲು ಪ್ರಯಾಣಿಕರಲ್ಲಿ ಕೆಲವರಿಗೆ ಪಕ್ಕದವರ ಜೊತೆ ಮಾತಾಡಿ ಎಂದರು, ಕೆಲವರಿಗೆ ಸುಮ್ಮನಿರಿ ಎಂದರು. ಸುಮ್ಮನಿದ್ದರೇ ಹಿತ ಎಂಬುದು ಜನರ ನಿರೀಕ್ಷೆಯಾಗಿತ್ತು. ಪ್ರಯಾಣ ಹೆಚ್ಚು ಚೆನ್ನಾಗಿತ್ತು ಎಂದವರು ಮಾತಾಡಿದವರು.

ಸಣ್ಣ ಹತೋಟಿಗಳು

ಕೆಟ್ಟ ಗಳಿಗೆಯಲ್ಲಿ ನೆರವಿಗೆ ಬರುವ ಎರಡು ಮೂರು ಉಪಾಯಗಳನ್ನು ಬೇಗ ಹೇಳಿಬಿಡುತ್ತೇನೆ. ಒಂದು, ಆಗುತ್ತಿರುವ ಭಾವನೆಗೆ ಹೆಸರಿಡುವುದು. ‘ತಲೆ ಕೆಟ್ಟಿದೆ’ ಎನ್ನುವ ಬದಲು ‘ನನಗೆ ಅವಮಾನವಾಗಿದೆ, ಜೊತೆಗೆ ನಾಳೆ ಏನಾಗುತ್ತದೋ ಎಂಬ ಭಯವಿದೆ’ ಎನ್ನುವುದು. ಹೀಗೆ ಹೆಸರಿಟ್ಟಾಗ ಮಿದುಳಿನಲ್ಲಿ ಭಯ, ಬೆದರಿಕೆಗೆ ಸ್ಪಂದಿಸುವ ಭಾಗದ ಚಟುವಟಿಕೆ ತಗ್ಗುವುದನ್ನು ಮ್ಯಾಥ್ಯೂ ಲೀಬರ್‌ಮನ್ ತಂಡ 2007ರಲ್ಲಿ ಸ್ಕ್ಯಾನಿಂಗ್ ಮೂಲಕ ತೋರಿಸಿತು. ಇನ್ನೊಂದು, ಈಥನ್ ಕ್ರಾಸ್ ಅಧ್ಯಯನ ಮಾಡಿದ ಒಂದು ತಂತ್ರ: ನಿಮ್ಮೊಡನೆ ನೀವು ಹೆಸರು ಹಿಡಿದು ಮಾತಾಡುವುದು. ‘ನನ್ನಿಂದ ಆಗಲ್ಲ’ ಎನ್ನುವ ಜಾಗದಲ್ಲಿ, ‘ಸುಮಾ, ಈಗ ನೀನು ಮೊದಲು ಆ ಇಮೇಲ್ ಓದು, ಉತ್ತರ ನಾಳೆ ಕೊಡು’ ಎನ್ನುವುದು. ನಮ್ಮದೇ ಕಷ್ಟವನ್ನು ಗೆಳತಿಯ ಕಷ್ಟದಂತೆ ನೋಡಿದಾಗ ಬುದ್ಧಿ ಹೆಚ್ಚು ಚೆನ್ನಾಗಿ ಓಡುತ್ತದೆ.

ಮೂರನೆಯದು ಪೀಟರ್ ಗೋಲ್‌ವಿಟ್ಜರ್ ಹೇಳಿಕೊಟ್ಟದ್ದು. ‘ಇನ್ನು ಮೇಲೆ ವ್ಯಾಯಾಮ ಮಾಡುತ್ತೇನೆ’ ಎಂಬ ಸಂಕಲ್ಪಕ್ಕೆ ಆಯಸ್ಸು ಕಡಿಮೆ. ‘ಸಂಜೆ ಕಚೇರಿಯ ಬ್ಯಾಗ್ ಕೆಳಗಿಟ್ಟ ತಕ್ಷಣ ಶೂ ಹಾಕಿಕೊಳ್ಳುತ್ತೇನೆ’ ಎಂದು ಗಳಿಗೆ ಮತ್ತು ಕೆಲಸ ಎರಡನ್ನೂ ಗಂಟು ಹಾಕಿದರೆ ಅದು ನಡೆಯುವ ಸಾಧ್ಯತೆ ಹೆಚ್ಚು. 2006ರಲ್ಲಿ 94 ಪರೀಕ್ಷೆಗಳನ್ನು ಒಟ್ಟು ಮಾಡಿ ನೋಡಿದಾಗಲೂ ಇದರ ಪರಿಣಾಮ ಗಣನೀಯವಾಗಿಯೇ ಕಂಡಿತು. ‘ಹೀಗಾದಾಗ ಹೀಗೆ ಮಾಡುತ್ತೇನೆ’ ಎಂಬ ಒಂದು ಸಾಲು ಸಾಕು.

ಅತಿಯಾಗಿ ಮಾರಾಟವಾದದ್ದು

ಈ ಶಾಖೆಯ ಹೆಸರಿನಲ್ಲಿ ನಡೆದ ಅತಿರೇಕಗಳನ್ನೂ ಹೇಳದಿದ್ದರೆ ಲೇಖನ ಪ್ರಾಮಾಣಿಕವಾಗದು. 2005ರಲ್ಲಿ ಬಾರ್ಬರಾ ಫ್ರೆಡ್ರಿಕ್ಸನ್ ಮತ್ತು ಮಾರ್ಸಿಯಲ್ ಲೊಸಾಡಾ ಒಂದು ಆಕರ್ಷಕ ಸಂಖ್ಯೆ ಪ್ರಕಟಿಸಿದರು. ಒಂದು ನಕಾರಾತ್ಮಕ ಭಾವನೆಗೆ 2.9013 ಸಕಾರಾತ್ಮಕ ಭಾವನೆಗಳಿದ್ದರೆ ಮನುಷ್ಯ ಅರಳುತ್ತಾನಂತೆ! ದಶಾಂಶದ ನಾಲ್ಕನೇ ಸ್ಥಾನದವರೆಗೂ ನಿಖರ. ತರಬೇತಿ ಕೊಡುವವರು, ಕಂಪನಿಗಳು ಇದನ್ನು ಎತ್ತಿ ಆಡಿಸಿದ್ದೇ ಆಡಿಸಿದ್ದು. 2013ರಲ್ಲಿ ನಿಕ್ ಬ್ರೌನ್, ಭೌತವಿಜ್ಞಾನಿ ಅಲನ್ ಸೋಕಲ್ ಮತ್ತು ಹ್ಯಾರಿಸ್ ಫ್ರೀಡ್‌ಮನ್ ಸೇರಿ ಅದರ ಗಣಿತವನ್ನು ಬಿಡಿಸಿ ನೋಡಿದರೆ, ದ್ರವಗಳ ಚಲನೆಗೆಂದು ಇದ್ದ ಸಮೀಕರಣಗಳನ್ನು ಆಧಾರವೇ ಇಲ್ಲದೆ ಭಾವನೆಗಳಿಗೆ ಅಂಟಿಸಲಾಗಿತ್ತು. ಆ ಗಣಿತದ ಭಾಗವನ್ನು ಹಿಂತೆಗೆದುಕೊಳ್ಳಬೇಕಾಯಿತು. ತಪ್ಪು ಮೊದಲು ಕಣ್ಣಿಗೆ ಬಿದ್ದದ್ದು ಆಗ ಸ್ನಾತಕೋತ್ತರ ವಿದ್ಯಾರ್ಥಿಯಾಗಿದ್ದ ಬ್ರೌನ್‌ಗೆ. ಶಾಸ್ತ್ರದ ದಿಗ್ಗಜರೆಲ್ಲ ಎಂಟು ವರ್ಷ ಅದನ್ನು ಉಲ್ಲೇಖಿಸುತ್ತಲೇ ಇದ್ದರು.

ನಮ್ಮ ಸಂತೋಷದಲ್ಲಿ ಶೇ 50 ವಂಶವಾಹಿ, ಶೇ 10 ಪರಿಸ್ಥಿತಿ, ಶೇ 40 ನಮ್ಮ ಕೈಯಲ್ಲಿ ಎಂಬ ಇನ್ನೊಂದು ಲೆಕ್ಕವೂ ಹೀಗೆಯೇ ಓಡಾಡುತ್ತಿದೆ. ಅದು 2005ರ ಒಂದು ಲೇಖನದಿಂದ ಬಂದದ್ದು. ಜನರ ನಡುವಿನ ವ್ಯತ್ಯಾಸದ ಅಂದಾಜನ್ನು ಒಬ್ಬ ವ್ಯಕ್ತಿಯ ಬದುಕಿಗೆ ಪಾಲು ಹಂಚಿದಂತೆ ಓದಿದರೆ ಅರ್ಥ ಕೆಡುತ್ತದೆ. ಅದನ್ನು ಬರೆದವರೇ ಮುಂದೆ ಆ ಚಿತ್ರ ಅತಿ ಸರಳವಾಗಿತ್ತು ಎಂದು ಒಪ್ಪಿಕೊಂಡರು. ಈ ಶಾಖೆಯ ಅಭ್ಯಾಸಗಳ ಪರಿಣಾಮವನ್ನು 2019ರಲ್ಲಿ ಮತ್ತೆ ಲೆಕ್ಕ ಹಾಕಿದ ವಿಮರ್ಶೆಯೊಂದು, ಹಿಂದಿನ ವರದಿಗಳಿಗಿಂತ ಪರಿಣಾಮ ಬಹಳ ಸಣ್ಣದು ಎಂದಿತು. ಸಣ್ಣದು ಎಂದರೆ ಶೂನ್ಯ ಎಂದಲ್ಲ. ಡೈರಿ ಬರೆದರೆ ಬದುಕೇ ಬದಲಾಗುತ್ತದೆ ಎನ್ನುವವರನ್ನು ನಂಬಬೇಡಿ, ಅಷ್ಟೇ.

ಇನ್ನೊಂದು ದುರುಪಯೋಗ ನನಗೆ ಇದಕ್ಕಿಂತ ಕೆಟ್ಟದ್ದಾಗಿ ಕಾಣುತ್ತದೆ. ಕೆಲಸದ ಹೊರೆ ಇಬ್ಬರಿಗಾಗುವಷ್ಟಿದ್ದು, ರಾತ್ರಿಯೂ ಕರೆ ಬರುತ್ತಿದ್ದು, ಮೇಲಧಿಕಾರಿ ಬೈಯುವುದೇ ಆಡಳಿತ ಎಂದುಕೊಂಡಿರುವ ಕಡೆ, ನೌಕರರಿಗೆ ‘ಮನೋಬಲ ಹೆಚ್ಚಿಸಿಕೊಳ್ಳುವುದು ಹೇಗೆ’ ಎಂದು ಕಾರ್ಯಾಗಾರ ಮಾಡುವುದು. ಶಾಕ್ ಕೊಡುವ ತಂತಿಯನ್ನು ಹಾಗೇ ಬಿಟ್ಟು ನಾಯಿಗೆ ಧೈರ್ಯ ಹೇಳಿದಂತೆ ಅದು. ಅಲ್ಲಿ ನಿಜವಾಗಿ ನೆರವಾಗುವುದು ತನ್ನ ಕೆಲಸದ ಬಗ್ಗೆ ನೌಕರನಿಗೆ ಒಂದಿಷ್ಟು ನಿರ್ಧಾರದ ಅಧಿಕಾರ ಕೊಡುವುದು: ಯಾವುದನ್ನು ಮೊದಲು ಮಾಡಲಿ, ಯಾವಾಗ ಫೋನ್ ಆರಿಸಲಿ, ಯಾವುದಕ್ಕೆ ಆಗುವುದಿಲ್ಲ ಎನ್ನಲಿ.

ಡೈರಿ ಸಾಕಾಗದ ಹಂತ

ಎರಡು ವಾರ ಅಥವಾ ಅದಕ್ಕೂ ಹೆಚ್ಚು ಕಾಲ, ದಿನದ ಬಹುಪಾಲು ಮನಸ್ಸು ಕುಗ್ಗಿದ್ದರೆ ಅಥವಾ ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ, ನಿದ್ದೆ ಊಟ ಏರುಪೇರಾಗಿದ್ದರೆ, ಬದುಕುವುದೇ ಬೇಡ ಎನ್ನುವ ಯೋಚನೆ ಸುಳಿದರಂತೂ ಆ ಕ್ಷಣವೇ, ವೈದ್ಯರನ್ನೋ ಮನೋವೈದ್ಯರನ್ನೋ ಕಾಣಬೇಕು. ಖಿನ್ನತೆ ಒಂದು ಕಾಯಿಲೆ, ಅದಕ್ಕೆ ಔಷಧಿಯಿದೆ, ಮಾತಿನ ಚಿಕಿತ್ಸೆಯಿದೆ. ಅಂಥವರ ಕೈಗೆ ಕೃತಜ್ಞತೆಯ ಪಟ್ಟಿ ಕೊಟ್ಟು ಬರೆಯಿರಿ ಎನ್ನುವುದು, ಕೃತಜ್ಞತೆಯೂ ಬರುತ್ತಿಲ್ಲವಲ್ಲ ಎಂಬ ಇನ್ನೊಂದು ಅಪರಾಧಿ ಭಾವವನ್ನು ಹೊರಿಸಿದಂತೆ.

ಚಿಕಿತ್ಸೆಯ ಕೋಣೆಯಲ್ಲೂ ಕೆಲಸ ಶುರುವಾಗುವುದು ಎಷ್ಟೋ ಸಲ ತೀರಾ ಸಣ್ಣದರಿಂದ. 1996ರಲ್ಲಿ ನೀಲ್ ಜೇಕಬ್‌ಸನ್ ತಂಡ ಖಿನ್ನತೆಯ ಸಂಪೂರ್ಣ ಕಾಗ್ನಿಟಿವ್ ಥೆರಪಿಯನ್ನು (ಯೋಚಿಸುವ ರೀತಿಯನ್ನು ತಿದ್ದುವ ಮಾತಿನ ಚಿಕಿತ್ಸೆ) ಅದರ ಒಂದೇ ಒಂದು ಭಾಗದೊಡನೆ ಹೋಲಿಸಿತು. ಆ ಭಾಗದಲ್ಲಿ ಯೋಚನೆಗಳನ್ನು ತಿದ್ದುವ ಗೋಜೇ ಇರಲಿಲ್ಲ, ದಿನಕ್ಕೆ ಮಾಡಬಹುದಾದ ಚಟುವಟಿಕೆಗಳನ್ನು ನಿಗದಿ ಮಾಡಿಕೊಂಡು ಮಾಡುವುದು ಮಾತ್ರ ಇತ್ತು. ಎರಡೂ ಗುಂಪಿನವರು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಸುಧಾರಿಸಿದರು. ಇಂಥ ಚಿಕಿತ್ಸೆಯಲ್ಲಿ ಮನಸ್ಸು ಬಂದ ಮೇಲೆ ಮಾಡೋಣ ಎಂದು ಕಾಯುವುದಿಲ್ಲ. ಬೆಳಿಗ್ಗೆ ಎಂಟಕ್ಕೆ ಸ್ನಾನ ಎಂದು ಬರೆದುಕೊಂಡರೆ, ಮನಸ್ಸಿದ್ದರೂ ಇಲ್ಲದಿದ್ದರೂ ಎಂಟಕ್ಕೆ ಸ್ನಾನ. ಆಮೇಲೆ ಹೇಗನ್ನಿಸಿತು ಎಂದು ಪಕ್ಕದಲ್ಲಿ ಹತ್ತಕ್ಕೆ ಅಂಕ ಹಾಕುವುದು. ಮೊದಲ ವಾರ ಎರಡೋ ಮೂರೋ ಬರಬಹುದು. ಚಿಕಿತ್ಸಕರು ಅದನ್ನು ನೋಡಿ ಮುಂದಿನ ವಾರದ ಪಟ್ಟಿಗೆ ಇನ್ನೊಂದು ಸಾಲು ಸೇರಿಸುತ್ತಾರೆ.